ನೀಲ್ ದ್ವೀಪದಲ್ಲಿ ಶೀಗಿ ಹುಣ್ಣಿಮೆ

ತಿಪಟೂರಿನವನು ದುಡ್ಡು ಕೊಟ್ಟು ಎಳನೀರು ಕುಡಿದ ಎಂದರೆ ನಮ್ಮೂರಿನಲ್ಲಿ ನಗುತ್ತಾರೆ. ಅದೂ ಒಂದಕ್ಕೆ 80 ರೂಪಾಯಿ ಕೊಟ್ಟು! ಆದರೂ ಕುಡಿದೆ. ಬಿಸಿಲು ಹಾಗಿತ್ತು. ಮೊಮ್ಮಗಳು ಪುಟ್ಟಿ ಎಳನೀರು ಹೀರುತ್ತಾ, "ತಾತ, ನಮ್ಮ ತೋಟದ್ದೇ ಚೆನ್ನಾಗಿದೆ ಅಲ್ವಾ?" ಎಂದಳು. ಹೌದು ಎಂದೆ. ಆದರೆ ನಿಜ ಹೇಳಬೇಕೆಂದರೆ ಅದೂ ಚೆನ್ನಾಗಿಯೇ ಇತ್ತು.

ಕಳೆದ ವರ್ಷದ ದಸರಾ ರಜೆಯಲ್ಲಿ ನಾವು ಆರು ಜನ ಅಂಡಮಾನಿಗೆ ಹೋಗಿದ್ದೆವು. ನಾನು, ನಮ್ಮ ಮನೆಯಾಕೆ, ಮಗ, ಸೊಸೆ, ಏಳನೇ ತರಗತಿಯ ಮೊಮ್ಮಗ, ಮೂರನೇ ತರಗತಿಯ ಪುಟ್ಟಿ. ಖರ್ಚೆಲ್ಲ ಮಗನದು. "ಅಪ್ಪ, ಈ ಸಲ ನೀನು ಜೇಬಿಗೆ ಕೈ ಹಾಕಬಾರದು" ಎಂದು ಮೊದಲೇ ಹೇಳಿದ್ದ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಜೇಬಿಗೆ ಕೈ ಹಾಕದೇ ಇರುವುದು ಕಷ್ಟವಲ್ಲ. ಲೆಕ್ಕ ಬರೆಯದೇ ಇರುವುದು ಕಷ್ಟ. ಒಂದು ಪುಟ್ಟ ನೋಟ್‌ಬುಕ್ಕನ್ನು ಯಾರಿಗೂ ಹೇಳದೆ ಚೀಲದಲ್ಲಿ ಇಟ್ಟುಕೊಂಡೆ.

ವಿಜಯದಶಮಿಯ ಮಾರನೇ ದಿನ ಬೆಂಗಳೂರಿನಿಂದ ವಿಮಾನ ಹತ್ತಿದೆವು. ಎರಡೂವರೆ ಗಂಟೆ ಕೆಳಗೆ ನೀರೇ ನೀರು. ಆಮೇಲೆ ಹಸಿರು ಚುಕ್ಕಿಗಳು ಕಂಡವು. ಅಂಡಮಾನ್ ನಿಕೋಬಾರಿನಲ್ಲಿ 500ಕ್ಕೂ ಹೆಚ್ಚು ದ್ವೀಪಗಳಿವೆಯಂತೆ, ಜನ ವಾಸಿಸುವುದು 40ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ನಾವು ಇಳಿದ ಊರು ಪೋರ್ಟ್ ಬ್ಲೇರ್. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೊಸ ಹೆಸರು ಇಟ್ಟಿದ್ದಾರೆ. ಆಟೋದವನು ಮಾತ್ರ ಹಳೆಯ ಹೆಸರನ್ನೇ ಹೇಳುತ್ತಿದ್ದ.

ಮೊದಲ ಸಂಜೆಯೇ ಒಂದು ತಮಾಷೆ ನಡೆಯಿತು. ಐದು ಗಂಟೆಗೆ ಕತ್ತಲಾಯಿತು. ನಮ್ಮಾಕೆ ಗಾಬರಿಯಿಂದ, "ರೀ, ಮಳೆ ಬರೋ ಹಾಗಿದೆಯಾ?" ಎಂದರು. ಮಳೆಯಲ್ಲ, ಸೂರ್ಯ ಮುಳುಗಿದ್ದ! ಮರುದಿನ ಬೆಳಿಗ್ಗೆ ಐದೂ ಕಾಲಿಗೆ ಕಿಟಕಿಯಲ್ಲಿ ಚುರುಕು ಬಿಸಿಲು. ಮೊಮ್ಮಗನಿಗೆ ಅಟ್ಲಾಸ್ ಎಂದರೆ ಪ್ರಾಣ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಪಟೂರು ಇರುವುದು ಸುಮಾರು 76.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ 92.7ರಲ್ಲಿ. ವ್ಯತ್ಯಾಸ ಸುಮಾರು 16 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹದಿನಾರು ನಾಲ್ಕಲೆ ಅರವತ್ತನಾಲ್ಕು. ಅಂದರೆ ಸೂರ್ಯ ಅಲ್ಲಿ ನಮಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ ಹುಟ್ಟುತ್ತಾನೆ, ಅಷ್ಟೇ ಮುಂಚೆ ಮುಳುಗುತ್ತಾನೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಮಕ್ಕಳೇ, ನಿಮ್ಮ ಅಟ್ಲಾಸ್ ತೆಗೆದು ನಿಮ್ಮ ಊರಿಗೂ ಈ ಲೆಕ್ಕ ಮಾಡಿ ನೋಡಿ.

ಮೊದಲ ದಿನ ಮಧ್ಯಾಹ್ನ ನೋಡಿದ್ದು ಸೆಲ್ಯುಲರ್ ಜೈಲು. 1896ರಲ್ಲಿ ಕಟ್ಟಲು ಶುರುಮಾಡಿ 1906ರಲ್ಲಿ ಮುಗಿಸಿದ ಸೆರೆಮನೆ. ನಡುವೆ ಒಂದು ಗೋಪುರ, ಸೈಕಲ್ ಚಕ್ರದ ಕಡ್ಡಿಗಳಂತೆ ಅದರ ಸುತ್ತ ಏಳು ಸಾಲು ಕಟ್ಟಡ. ಈಗ ಮೂರು ಸಾಲು ಮಾತ್ರ ಉಳಿದಿವೆ. ಒಟ್ಟು 693 ಕೋಣೆಗಳಿದ್ದವು. ಒಂದೊಂದೂ 13.5 ಅಡಿ ಉದ್ದ, 7.5 ಅಡಿ ಅಗಲ. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿವೆ. ಒಬ್ಬ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದು ಎಂದೇ ಹಾಗೆ ಕಟ್ಟಿದ್ದು.

ಅಂಗಳದ ಕೆಲಸದ ಶೆಡ್ಡಿನಲ್ಲಿ ಒಂದು ಗಾಣ ಇತ್ತು. ಕೈದಿಯೊಬ್ಬ ಗಾಣ ತಿರುಗಿಸುತ್ತಿರುವ ಬೊಂಬೆಯನ್ನು ಅಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಹಿಂಡಿಸುತ್ತಿದ್ದುದು ಕೊಬ್ಬರಿ ಎಣ್ಣೆ ಎಂದು ಗೊತ್ತಾದಾಗ ನನ್ನ ಕಾಲು ಮುಂದಕ್ಕೆ ಏಳಲಿಲ್ಲ. ಕೊಬ್ಬರಿ ಎಂದರೆ ನಮ್ಮೂರಿನ ಅನ್ನ. ಕೈದಿಗಳು ದಿನಕ್ಕೆ 30 ಪೌಂಡ್ ಎಣ್ಣೆ ತೆಗೆಯಬೇಕಿತ್ತು. ಕಡಿಮೆಯಾದರೆ ಶಿಕ್ಷೆ. 30 ಪೌಂಡ್ ಎಂದರೆ ಸುಮಾರು 13.6 ಕೆ.ಜಿ. ಅಷ್ಟು ಎಣ್ಣೆಗೆ 20 ಕೆ.ಜಿ.ಗೂ ಹೆಚ್ಚು ಕೊಬ್ಬರಿ ಬೇಕು. ನಮ್ಮ ಉಂಡೆ ಕೊಬ್ಬರಿಯ ಲೆಕ್ಕದಲ್ಲಿ ನೂರಕ್ಕೂ ಮೀರುತ್ತದೆ.

"ಗಾಣಕ್ಕೆ ಎತ್ತು ಕಟ್ತಾರೆ ಅಲ್ವಾ ತಾತ?" ಎಂದ ಮೊಮ್ಮಗ.

"ಹೌದು ಮಗಾ. ಇಲ್ಲಿ ಎತ್ತಿನ ಜಾಗದಲ್ಲಿ ಮನುಷ್ಯರನ್ನ ಕಟ್ಟಿದ್ರು."

ಅವನು ಏನೂ ಹೇಳಲಿಲ್ಲ. ಗೋಪುರದ ಗೋಡೆಯ ಮೇಲೆ ಕೆತ್ತಿದ ಹೆಸರುಗಳನ್ನು ಒಂದೊಂದೇ ಓದುತ್ತಾ ನಿಂತುಬಿಟ್ಟ. ಹೊರಗೆ ಬಂದಾಗ ಸಮುದ್ರ ನೀಲಿಯಾಗಿ ಹೊಳೆಯುತ್ತಿತ್ತು. ಅಷ್ಟು ಚೆಂದದ ನೀರನ್ನು ಅವರು 'ಕಾಲಾಪಾನಿ' ಎಂದು ಏಕೆ ಕರೆದರು ಎಂದು ಪುಟ್ಟಿ ಕೇಳಿದಳು. "ಅದನ್ನ ದಾಟಿದ ಮೇಲೆ ಮನೆಗೆ ವಾಪಸ್ ಹೋಗೋ ದಾರಿ ಕಾಣ್ತಿರಲಿಲ್ಲ, ಅದಕ್ಕೇ" ಎಂದೆ.

ಮರುದಿನ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ ಹೊರಟೆವು. ಹಿಂದಿನ ಹೆಸರು ಹ್ಯಾವ್‌ಲಾಕ್. 2018ರಲ್ಲಿ ಅದಕ್ಕೆ ಸ್ವರಾಜ್, ಪಕ್ಕದ ನೀಲ್ ದ್ವೀಪಕ್ಕೆ ಶಹೀದ್ ಎಂದು ಹೆಸರಿಟ್ಟರು. ಎರಡು ಗಂಟೆಯ ಆ ಪ್ರಯಾಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ತಿಂದ ಪೂರಿಯನ್ನು ನಾನು ಸಮುದ್ರರಾಜನಿಗೆ ಒಪ್ಪಿಸಿದೆ. ಸೊಸೆಯೂ ಒಪ್ಪಿಸಿದಳು. ಎಪ್ಪತ್ತು ದಾಟಿದ ನಮ್ಮಾಕೆ ಮಾತ್ರ ಒಂದು ನಿಂಬೆಹಣ್ಣು ಮೂಸುತ್ತಾ, ನಮ್ಮಿಬ್ಬರ ಬೆನ್ನು ನೀವುತ್ತಾ ಕಲ್ಲಿನಂತೆ ಕೂತಿದ್ದರು.

ಆ ಸಂಕಟವೆಲ್ಲ ರಾಧಾನಗರದ ಕಡಲತೀರ ಕಂಡ ಕೂಡಲೇ ಮರೆಯಿತು. ದೊಡ್ಡ ದೊಡ್ಡ ಮರಗಳ ಕಾಡು ಮರಳಿನ ಅಂಚಿನವರೆಗೂ ಬಂದು ನಿಂತಿದೆ. ಮರಳು ಜರಡಿ ಹಿಡಿದ ರವೆಯಂತೆ ಬೆಳ್ಳಗೆ, ನುಣ್ಣಗೆ. ನಮ್ಮಾಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಸೊಸೆಯ ಕೈ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದರು. ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿಯಂತೆ ಕೂಗುತ್ತಿದ್ದರು. ಐವತ್ತು ವರ್ಷದ ಸಂಸಾರದಲ್ಲಿ ಆ ಕೂಗನ್ನು ನಾನು ಕೇಳಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಮಾರನೇ ದಿನ ಇನ್ನೊಂದು ತೀರದಲ್ಲಿ ಪುಟ್ಟಿಗೆ ಒಂದು ಚೆಂದದ ಶಂಖದ ಚಿಪ್ಪು ಸಿಕ್ಕಿತು. ನಿಂಬೆಹಣ್ಣಿನ ಗಾತ್ರ, ಮೈಮೇಲೆ ಕಂದು ಗೆರೆ. ಚಿಪ್ಪು, ಹವಳ ಯಾವುದನ್ನೂ ತೆಗೆದುಕೊಂಡು ಹೋಗಬಾರದು ಎಂದು ಅಲ್ಲೇ ಫಲಕ ಹಾಕಿದ್ದರು. ಸೊಸೆ ಅದನ್ನು ತೋರಿಸಿ, "ಇಟ್ಟುಬಿಡು" ಎಂದಳು. ಪುಟ್ಟಿಯ ಮುಖ ಸಣ್ಣದಾಯಿತು. ನನಗೆ ತಡೆಯಲಿಲ್ಲ. ಯಾರೂ ನೋಡದಾಗ, "ಒಂದೇ ಒಂದು ತಾನೇ" ಎಂದು ಅದನ್ನು ನನ್ನ ಜುಬ್ಬದ ಜೇಬಿಗೆ ಹಾಕಿಕೊಂಡೆ. ಕ್ಯಾಷ್ ಕೌಂಟರಿನಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ನಿದ್ದೆ ಮಾಡದವನು ನಾನು!

ರಾತ್ರಿ ಹನ್ನೊಂದರ ಹೊತ್ತಿಗೆ ಕೋಣೆಯಲ್ಲಿ ಟಕ್ ಟಕ್ ಎಂದು ಸದ್ದು. ದೀಪ ಹಾಕಿದರೆ ಚಿಪ್ಪು ನೆಲದ ಮೇಲೆ ನಡೆದುಕೊಂಡು ಹೋಗುತ್ತಿದೆ! ನಮ್ಮಾಕೆ ಮಂಚ ಹತ್ತಿ ನಿಂತರು. ಮೊಮ್ಮಗ ಬಗ್ಗಿ ನೋಡಿ, "ತಾತ, ಇದು ಸನ್ಯಾಸಿ ಏಡಿ! ನಮ್ಮ ಪುಸ್ತಕದಲ್ಲಿದೆ" ಎಂದ. ಈ ಏಡಿಯ ಹಿಂಭಾಗ ಮೆತ್ತಗಿರುತ್ತದೆ. ಅದನ್ನು ಕಾಪಾಡಿಕೊಳ್ಳಲು ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪನ್ನು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ದೊಡ್ಡದಾದಂತೆ ಇನ್ನೂ ದೊಡ್ಡ ಚಿಪ್ಪಿಗೆ ಮನೆ ಬದಲಾಯಿಸುತ್ತದೆ. ಖಾಲಿ ಚಿಪ್ಪುಗಳನ್ನೆಲ್ಲ ನಾವು ಹೊತ್ತುಕೊಂಡು ಬಂದರೆ ಅದಕ್ಕೆ ಮನೆಯೇ ಇಲ್ಲ. ಹವಳಗಳಿಗೂ ಹಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಬೆಳಿಗ್ಗೆ ಐದು ಗಂಟೆಗೆ ಪುಟ್ಟಿಯೂ ನಾನೂ ಅದನ್ನು ಒಂದು ಲೋಟದಲ್ಲಿ ಇಟ್ಟುಕೊಂಡು, ಎಲ್ಲಿ ಸಿಕ್ಕಿತ್ತೋ ಅಲ್ಲಿಗೇ ಹೋಗಿ ಬಿಟ್ಟೆವು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಕಾಲು ಹೊರಗೆ ಹಾಕಿ, ಹಿಂತಿರುಗಿಯೂ ನೋಡದೆ ಪೊದೆಯ ಕಡೆಗೆ ಹೊರಟಿತು. ಪುಟ್ಟಿ ಅದಕ್ಕೆ ಟಾಟಾ ಮಾಡಿದಳು.

ಅವತ್ತೇ ನೀಲ್ ದ್ವೀಪಕ್ಕೆ ಬಂದೆವು. ಸೈಕಲ್ಲಿನಲ್ಲೇ ಸುತ್ತಿಬಿಡಬಹುದಾದ ಪುಟ್ಟ ದ್ವೀಪ. ಬಾಳೆ, ಅಡಿಕೆ, ತರಕಾರಿ ತೋಟಗಳು. ಇಲ್ಲಿನ ಹೆಚ್ಚಿನವರು ಬಂಗಾಳಿಗಳು. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಈ ದ್ವೀಪಗಳಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಅವರ ಮಕ್ಕಳು ಮೊಮ್ಮಕ್ಕಳು ಈಗ ಇಲ್ಲಿ ಹೊಲ, ಅಂಗಡಿ, ಲಾಡ್ಜು ನೋಡಿಕೊಂಡಿದ್ದಾರೆ.

ಮಧ್ಯಾಹ್ನ ಕಲ್ಲಿನ ಕಮಾನು ನೋಡಲು ಹೋದೆವು. ಅಲೆಗಳು ಕೊರೆದು ಕೊರೆದು ಬಂಡೆಯಲ್ಲಿ ಮಾಡಿದ ಸೇತುವೆ ಅದು. ಸಮುದ್ರ ಇಳಿದಾಗ ಮಾತ್ರ ಅದರ ಬುಡದವರೆಗೆ ನಡೆದು ಹೋಗಬಹುದು. ಬಂಡೆಗಳ ನಡುವೆ ಉಳಿದ ನೀರಿನ ಗುಂಡಿಗಳಲ್ಲಿ ಸೌತೆಕಾಯಿಯಂಥ ಕಪ್ಪು ಪ್ರಾಣಿ, ನಕ್ಷತ್ರ ಮೀನು, ನಮ್ಮ ನೆರಳು ಬಿದ್ದ ಕೂಡಲೇ ಬಾಯಿ ಮುಚ್ಚಿಕೊಳ್ಳುವ ದೊಡ್ಡ ಚಿಪ್ಪು. ಮೊಮ್ಮಗ ನೀರು ಪೂರ್ತಿ ಇಳಿದ ಹೊತ್ತನ್ನು ಬರೆದುಕೊಂಡ: 3 ಗಂಟೆ 40 ನಿಮಿಷ.

ಮರುದಿನ ಬೆಳಿಗ್ಗೆ ನಾವು ಪೋರ್ಟ್ ಬ್ಲೇರಿಗೆ ವಾಪಸಾಗಬೇಕು, ಅದರ ಮರುದಿನ ಬೆಂಗಳೂರಿಗೆ ವಿಮಾನ. ಆದರೆ ರಾತ್ರಿಯಿಡೀ ಗಾಳಿ ಬೀಸಿತು. ಬೆಳಿಗ್ಗೆ ಜೆಟ್ಟಿಗೆ ಹೋದರೆ, ಸಮುದ್ರ ಒರಟಾಗಿದೆ, ಇಂದು ಒಂದೂ ಹಡಗು ಹೊರಡುವುದಿಲ್ಲ ಎಂದರು. ನಾಳೆಯೂ ಮಧ್ಯಾಹ್ನದ ಮೇಲೆಯೇ. ವಿಮಾನ ತಪ್ಪಿತು. ಮಗ ಫೋನಿನಲ್ಲಿ ಒಂದು ಗಂಟೆ ಒದ್ದಾಡಿ ಎರಡು ದಿನ ತಡವಾಗಿ ಹೊಸ ಟಿಕೆಟ್ ಮಾಡಿದ. ಆರು ಜನಕ್ಕೆ 48,600 ರೂಪಾಯಿ.

ನಾನು ನೋಟ್‌ಬುಕ್ ತೆಗೆದು ಆ ಅಂಕಿ ಬರೆದೆ. ಬರೆಯುತ್ತಿದ್ದಂತೆ ತಲೆ ಕೆಟ್ಟಿತು. ಲಾಡ್ಜಿನ ಜಗಲಿಯಲ್ಲಿ, ಹೆಂಡತಿ ಮಕ್ಕಳ ಎದುರಿಗೇ ಮಗನಿಗೆ ಹೇಳಿದೆ: "ಒಂದು ದಿನ ಕೈಯಲ್ಲಿ ಇಟ್ಕೋಬೇಕು ಅನ್ನೋ ಬುದ್ಧಿ ಇಲ್ವಲ್ಲ ನಿನಗೆ. ನಾಲ್ಕು ದಿನದ ಪ್ರವಾಸ ನಡೆಸೋಕೆ ಬರದವನು ಸಂಸಾರ ಹೆಂಗೆ ನಡೆಸ್ತೀಯೋ!"

ಅವನು ಉತ್ತರ ಕೊಡಲಿಲ್ಲ. ನಲವತ್ತೈದು ವರ್ಷದ ಮಗ. ಸುಮ್ಮನೆ ಎದ್ದು ಮಳೆಯಲ್ಲೇ ರಸ್ತೆಯ ಕಡೆಗೆ ನಡೆದುಹೋದ. ಸೊಸೆ ಒಳಗೆ ಹೋದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಸ್ವಲ್ಪ ಹೊತ್ತು ಬಿಟ್ಟು ನಮ್ಮಾಕೆ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ಅವನು ಏಳನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಮಂಗಳೂರಿಗೆ ಪ್ರವಾಸ ಹೊರಟಿದ್ರು. ನೂರೈವತ್ತು ರೂಪಾಯಿ ಕೇಳಿದ್ದ. ಸಮುದ್ರ ನೋಡ್ಬೇಕು ಅಂತ ಅತ್ತಿದ್ದ. ಸೈಟಿನ ಕಂತಿದೆ ಅಂತ ನೀವು ಕೊಡಲಿಲ್ಲ. ಈಗ ಅವನ ಮಗ ಏಳನೇ ಕ್ಲಾಸು. ಅದಕ್ಕೇ ಇಲ್ಲಿಗೆ ಕರ್ಕೊಂಡ್ ಬಂದಿದ್ದಾನೆ. ನಮ್ಮನ್ನೂ ಕರ್ಕೊಂಡ್ ಬಂದಿದ್ದಾನೆ."

ನನಗೆ ಮರೆತೇ ಹೋಗಿತ್ತು. ಆ ಮಾತು ಕೇಳಿದ ಮೇಲೆ ಎಲ್ಲವೂ ನೆನಪಾಯಿತು, ಅವನು ತೊಟ್ಟಿದ್ದ ಚಡ್ಡಿಯ ಬಣ್ಣವೂ ಸೇರಿ. ಇನ್ನೂ ಒಂದು ನೆನಪಾಯಿತು, ಅದು ನಮ್ಮಾಕೆಗೂ ಗೊತ್ತಿರಲಿಲ್ಲ. ಸೈಟಿನ ಕಂತು ಕಟ್ಟಿದ ಮೇಲೂ ನನ್ನ ಪಾಸ್‌ಬುಕ್ಕಿನಲ್ಲಿ ಹಣ ಇತ್ತು.

ಅವತ್ತು ಆಶ್ವಯುಜ ಮಾಸದ ಹುಣ್ಣಿಮೆ. ನಮಗೆ ಶೀಗಿ ಹುಣ್ಣಿಮೆ, ಬಂಗಾಳಿಗಳಿಗೆ ಕೋಜಾಗರಿ ಲಕ್ಷ್ಮೀಪೂಜೆ. ಲಾಡ್ಜಿನ ಯಜಮಾನಿ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದರು. ನಮ್ಮಾಕೆಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಆದರೆ ಅವರ ಕೈಯಲ್ಲಿದ್ದದ್ದು ನಮ್ಮ ಈಳಿಗೆ ಮಣೆಯಂಥದೇ ಮಣೆ, ತುರಿಯುತ್ತಿದ್ದದ್ದು ತೆಂಗಿನಕಾಯಿ. ತಿಪಟೂರಿನ ಹೆಂಗಸಿಗೆ ಇನ್ನೇನು ಭಾಷೆ ಬೇಕು! ನಮ್ಮಾಕೆ ಕೂತು ಕಾಯಿ ತುರಿದರು. ಬೆಲ್ಲದ ಪಾಕದಲ್ಲಿ ಕಾಯಿತುರಿ ಹಾಕಿ, ಬಿಸಿ ಇರುವಾಗಲೇ ಉಂಡೆ ಕಟ್ಟಿದರು. ಅದಕ್ಕೆ ಅವರು 'ನಾರು' ಎನ್ನುತ್ತಾರೆ. ನಮ್ಮ ಕಾಯಿ ಉಂಡೆಯ ಅಕ್ಕ ಎನ್ನಬಹುದು. ಪುಟ್ಟಿ ಯಜಮಾನಿಯ ಮಗಳ ಜೊತೆ ಸೇರಿ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ, ಬಾಗಿಲಿನಿಂದ ದೇವರ ಮನೆಯವರೆಗೆ ಲಕ್ಷ್ಮಿಯ ಪುಟ್ಟ ಹೆಜ್ಜೆಗಳನ್ನು ಬರೆದಳು. ಮಧ್ಯಾಹ್ನ ಎಲ್ಲರಿಗೂ ಬಿಸಿ ಬಿಸಿ ಖಿಚುಡಿ. ನಮ್ಮ ಹುಗ್ಗಿಯ ನೆನಪಾಯಿತು.

ಮಳೆ ನಿಂತ ಮೇಲೆ ಮೊಮ್ಮಗ ಮತ್ತೆ ಕಮಾನಿನ ಹತ್ತಿರ ಎಳೆದುಕೊಂಡು ಹೋದ. ನೀರು ಪೂರ್ತಿ ಇಳಿದದ್ದು 4 ಗಂಟೆ 25 ನಿಮಿಷಕ್ಕೆ, ನಿನ್ನೆಗಿಂತ ಮುಕ್ಕಾಲು ಗಂಟೆ ತಡ. ಇದಕ್ಕೆ ಕಾರಣ ಚಂದ್ರ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಬರಲು ಭೂಮಿ ಇನ್ನೂ ಸ್ವಲ್ಪ ತಿರುಗಬೇಕು. ಆದ್ದರಿಂದ ಚಂದ್ರನೂ ಉಬ್ಬರ ಇಳಿತಗಳೂ ಸರಾಸರಿ ದಿನಕ್ಕೆ 50 ನಿಮಿಷ ತಡ. "ಹಡಗು ಹೋಗಿದ್ರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ ತಾತ" ಎಂದ ಅವನು. ಖುಷಿಯಿಂದ ಹೇಳಿದ ಮಾತು. ನನಗೆ ಮಾತ್ರ ಚುಚ್ಚಿತು.

ವಾಪಸ್ ಬರುವ ದಾರಿಯಲ್ಲಿ ಪುಟ್ಟಿ ನನ್ನ ಬೆರಳು ಹಿಡಿದುಕೊಂಡಿದ್ದಳು. "ತಾತ, ಏಡೀನ ವಾಪಸ್ ಬಿಟ್ಟು ಬಂದ್ವಲ್ಲ, ಹಾಗೆ ಮಾತನ್ನ ಬಿಟ್ಟು ಬರೋಕಾಗಲ್ವಾ?" ಎಂದಳು.

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ಬರೆದರೆ ಅಳಿಸುವ ಹಾಗಿರಲಿಲ್ಲ. ರಬ್ಬರು, ಬ್ಲೇಡು ಮುಟ್ಟಿಸಿದರೆ ಅದೇ ದೊಡ್ಡ ಅಪರಾಧ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಇದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವನು ನಾನೇ.

ರಾತ್ರಿ ಮೋಡ ಸರಿದು ಚಂದ್ರ ಕಂಡ. ಮಗ ಜಗಲಿಯ ತುದಿಯಲ್ಲಿ ಒಬ್ಬನೇ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಮಕ್ಕಳು, ಸೊಸೆ, ನಮ್ಮಾಕೆ ಎಲ್ಲರೂ ಅಲ್ಲೇ ಇದ್ದರು. ಎಲ್ಲರ ಎದುರಿಗೆ ಬೈದಿದ್ದು, ಎಲ್ಲರ ಎದುರಿಗೇ ಹೇಳಬೇಕಿತ್ತು.

"ಬೆಳಿಗ್ಗೆ ಆಡಿದ್ದು ತಪ್ಪು ಮಾತು ಕಣೋ. ಗಾಳಿ ಬೀಸಿದ್ದಕ್ಕೆ ನಿನ್ನ ಬೈದೆ. ಆಮೇಲೆ... ಆ ನೂರೈವತ್ತು ರೂಪಾಯಿ. ನನ್ನ ಹತ್ರ ಇತ್ತು. ಕೊಡಬಹುದಿತ್ತು."

ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಆ ಟೂರಿಗೆ ನಾವು ಮೂರು ಜನ ಹೋಗಿರಲಿಲ್ಲ ಅಪ್ಪ. ಎರಡು ದಿನ ಖಾಲಿ ಸ್ಕೂಲಲ್ಲಿ ಕ್ರಿಕೆಟ್ ಆಡಿದ್ವಿ. ಅದೂ ಚೆನ್ನಾಗೇ ಇತ್ತು, ಬಿಡು."

ಚೆನ್ನಾಗಿತ್ತು ಎಂಬುದನ್ನು ನಾನು ಪೂರ್ತಿ ನಂಬಲಿಲ್ಲ. ಆದರೆ ಅವನು ಹಾಗೆಂದದ್ದಕ್ಕೆ ಕೈ ಹಿಡಿದುಕೊಂಡೆ. ಒಳಗಿನಿಂದ ಯಜಮಾನಿ ತಟ್ಟೆಯಲ್ಲಿ ನಾರು ತಂದಿಟ್ಟರು. ಅವನು ಒಂದನ್ನು ಮುರಿದು ಅರ್ಧ ನನ್ನ ಕೈಗೆ ಹಾಕಿದ.

ಊರಿಗೆ ಬಂದ ಮೇಲೆ ನೋಟ್‌ಬುಕ್ ಮಗನಿಗೆ ತೋರಿಸಿದೆ. ಎಳನೀರಿನ 80ರಿಂದ ಹಿಡಿದು 48,600ರವರೆಗೆ ಎಲ್ಲವೂ ಇತ್ತು. ಅವನು ನಕ್ಕು, "ಗೊತ್ತಿತ್ತು ನೀನು ಬರೀತೀಯ ಅಂತ" ಎಂದ. ಟಿಕೆಟ್ಟಿನ ಅರ್ಧ ಹಣ ನಾನು ಕೊಡುತ್ತೇನೆ ಎಂದರೆ ಕೇಳಲಿಲ್ಲ. ಕೊನೆಗೆ ನೂರೈವತ್ತು ರೂಪಾಯಿ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅದನ್ನು ಮಾತ್ರ ತೆಗೆದುಕೊಂಡ.

ದ್ವೀಪಕ್ಕೆ ಹೊರಡುವ ಹಿರಿಯರಿಗೆ ಮೂರು ಮಾತು. ಮೊದಲನೆಯದು, ಹಡಗು ಹತ್ತುವ ಮುಂಚೆ ಪೂರಿ ತಿನ್ನಬೇಡಿ, ನಿಂಬೆಹಣ್ಣು ಇಟ್ಟುಕೊಳ್ಳಿ. ಎರಡನೆಯದು, ವಿಮಾನದ ದಿನಕ್ಕೂ ಕೊನೆಯ ಹಡಗಿನ ದಿನಕ್ಕೂ ನಡುವೆ ಒಂದು ದಿನ ಬಿಡುವು ಇಟ್ಟು ಟಿಕೆಟ್ ಮಾಡಿ. ಮೂರನೆಯದು, ಎಷ್ಟೇ ಬಿಡುವು ಇಟ್ಟುಕೊಂಡರೂ ಒಮ್ಮೊಮ್ಮೆ ಗಾಳಿ ಬೀಸುತ್ತದೆ. ಆಗ ಮಕ್ಕಳನ್ನು ಬೈಯಬೇಡಿ.

ಮೊಮ್ಮಗನ ಶಾಲೆಯಲ್ಲಿ ಈ ವರ್ಷ ಗೋಕರ್ಣಕ್ಕೆ ಪ್ರವಾಸ ಇದೆಯಂತೆ. ಸಮುದ್ರ ನೋಡಿ ಆಗಿದೆಯಲ್ಲ, ಮತ್ತೆ ಯಾಕೆ ಎಂದು ನಾನು ಕೇಳಲಿಲ್ಲ. ಹಣ ಕೊಟ್ಟಿದ್ದೇನೆ. ಅಲ್ಲಿ ಸಮುದ್ರ ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಬರೆದುಕೊಂಡು ಬರಲು ಹೇಳಿದ್ದೇನೆ.